ಪ್ಯಾರಿಸ್ಸಿನ ಆ ಕುರ್ಚಿ ಮತ್ತು ನಮ್ಮ ಭೀಮಾತೀರ

ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧನಾಗುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಗಾಗ ದೂರವಾಣಿ ಮಾಡಿ ತನ್ನ ಸಂದೇಹಗಳನ್ನು ಕೇಳುವುದುಂಟು. ಮೂವತ್ತು ವರ್ಷಗಳಿಗೂ ಮಿಕ್ಕಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ವರ್ಗಾವಣೆಗೊಳ್ಳುತ್ತ ಸಮಾಜ ವಿಜ್ಞಾನ ಕಲಿಸಿದ ನನಗೆ ನಿವೃತ್ತಿಯ ನಂತರ ಉಳಿದಿರುವ ದೊಡ್ಡ ಸಂತೋಷವೆಂದರೆ ಇದೇ. ಕಳೆದ ವಾರ ಅವನು ಕೇಳಿದ ಪ್ರಶ್ನೆ ಮಾತ್ರ ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ಕೆರಿಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ಎಂಬ ದೇಶವು 2020 ಮತ್ತು 2021ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸದಸ್ಯ ರಾಷ್ಟ್ರವಾಗಿತ್ತೆಂದು ಅವನು ಎಲ್ಲಿಯೋ ಓದಿದ್ದ. ಆ ದೇಶದ ಜನಸಂಖ್ಯೆ ಸುಮಾರು 1 ಲಕ್ಷ 10 ಸಾವಿರ. “ಸರ್, ನಮ್ಮ ಆಳಂದ ತಾಲ್ಲೂಕಿನ ಅರ್ಧದಷ್ಟು ಮಂದಿನೂ ಇಲ್ಲ ಆ ದೇಶದಾಗ. ಅಮೆರಿಕ, ಚೀನಾದ ಬಾಜೂಕ ಕುಂತು ಅವರು ಏನ್ ಮಾಡ್ತಾರ್ರೀ?” ಎಂದು ನಕ್ಕ.

ಅವನ ನಗುವಿನಲ್ಲಿ ಕುಹಕವಿರಲಿಲ್ಲ, ಸಹಜವಾದ ಅಚ್ಚರಿಯಿತ್ತು. ಆದರೆ ಈ ಪ್ರಶ್ನೆಗೆ ಉತ್ತರಿಸುವುದಕ್ಕೆ ನಮ್ಮ ಈ ಮೂರು ತಾಲ್ಲೂಕುಗಳ ಜನರಿಗೆ ಇರುವಷ್ಟು ಅರ್ಹತೆ ಬಹಳ ಕಡೆಯವರಿಗೆ ಇರಲಾರದೆಂದು ನನಗೆ ಅನಿಸಿತು. ಏಕೆಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ಮೊದಲು ಮಂಡಳಿಯ ರಚನೆಯನ್ನು ನೆನಪಿಸಿಬಿಡುತ್ತೇನೆ. ನೀವೆಲ್ಲ ಹತ್ತನೆಯ ತರಗತಿಯಲ್ಲಿ ಕಂಠಪಾಠ ಮಾಡಿದ್ದೀರಿ, ಪರೀಕ್ಷೆ ಮುಗಿದ ಮರುದಿನವೇ ಮರೆತಿದ್ದೀರಿ. ಒಟ್ಟು 15 ಸದಸ್ಯರು. ಅವರಲ್ಲಿ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಐವರು ಕಾಯಂ ಸದಸ್ಯರು. ಅವರ ಕೈಯಲ್ಲಿ ವೀಟೊ ಅಧಿಕಾರ. ಉಳಿದ 10 ಸ್ಥಾನಗಳಿಗೆ ಎರಡು ವರ್ಷಗಳ ಅವಧಿ. ಪ್ರತಿವರ್ಷ ಐದು ಸ್ಥಾನಗಳಿಗೆ ಮಹಾಸಭೆಯಲ್ಲಿ ಗುಪ್ತ ಮತದಾನ ನಡೆಯುತ್ತದೆ. ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಅವಧಿ ಮುಗಿದೊಡನೆ ಅದೇ ದೇಶ ಮತ್ತೆ ನಿಲ್ಲುವಂತಿಲ್ಲ. ಮೊದಲಿಗೆ ಮಂಡಳಿಯಲ್ಲಿದ್ದವರು 11 ಜನ ಮಾತ್ರ. 1965ರಲ್ಲಿ ಅದು 15ಕ್ಕೆ ಏರಿತು. ಅಧ್ಯಕ್ಷ ಪದವಿ ತಿಂಗಳಿಗೊಬ್ಬರಂತೆ ಸರದಿಯಲ್ಲಿ ಎಲ್ಲರಿಗೂ ಬರುತ್ತದೆ, ಸೇಂಟ್ ವಿನ್ಸೆಂಟಿಗೂ ಬಂದಿತ್ತು. ಇಂದಿಗೂ 50ಕ್ಕೂ ಹೆಚ್ಚು ದೇಶಗಳು ಒಮ್ಮೆಯೂ ಆ ಮೇಜಿನ ಸುತ್ತ ಸದಸ್ಯರಾಗಿ ಕುಳಿತಿಲ್ಲ.

ಸಣ್ಣವರಿಗೆ ಅಲ್ಲಿ ಏನು ಕೆಲಸ ಎಂಬ ಪ್ರಶ್ನೆಯನ್ನು ನಮ್ಮ ಗ್ರಾಮ ಪಂಚಾಯತಿಗೆ ತಂದು ನೋಡಿರಿ. ನಾನು ಕೆಲಸ ಮಾಡಿದ ಊರೊಂದರ ಪಂಚಾಯತಿಯಲ್ಲಿ ತಾಂಡಾದಿಂದ ಆರಿಸಿ ಬರುವವರು ಒಬ್ಬರೇ. ಉಳಿದವರೆಲ್ಲ ದೊಡ್ಡ ಊರಿನವರು. ಆ ಒಬ್ಬ ಸದಸ್ಯರಿಂದ ಯಾವ ಠರಾವೂ ಪಾಸಾಗುತ್ತಿರಲಿಲ್ಲ, ಯಾವ ಠರಾವೂ ನಿಲ್ಲುತ್ತಿರಲಿಲ್ಲ. ಆದರೆ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎಲ್ಲೆಲ್ಲಿಗೆ ಹೋಗಬೇಕೆಂದು ಪಟ್ಟಿ ಬರೆಯುವಾಗ ತಾಂಡಾದ ಹೆಸರನ್ನು ಬಿಟ್ಟು ಬರೆಯಲು ಯಾರಿಗೂ ಧೈರ್ಯವಾಗುತ್ತಿರಲಿಲ್ಲ, ಏಕೆಂದರೆ ಆ ಮನುಷ್ಯ ಎದುರಿಗೇ ಕುಳಿತಿರುತ್ತಿದ್ದರು. ಕುರ್ಚಿಯ ಬೆಲೆ ಇಷ್ಟೇ, ಮತ್ತು ಇದು ಸಣ್ಣ ಬೆಲೆಯಲ್ಲ.

ನಮ್ಮ ನೆರೆಹೊರೆಯ ಸಣ್ಣ ದೇಶಗಳು ಈ ಸ್ಥಾನಕ್ಕಾಗಿ ನಿಂತು ಸೋತ ಲೆಕ್ಕವನ್ನೂ ನೋಡೋಣ. 2006ರಲ್ಲಿ ನೇಪಾಳ ಇಂಡೋನೇಷ್ಯಾದ ಎದುರು ನಿಂತು 28 ಮತ ಪಡೆಯಿತು. ಇಂಡೋನೇಷ್ಯಾಕ್ಕೆ ಬಂದವು 158. 2012ರಲ್ಲಿ ಭೂತಾನ ನಿಂತಿತು. ಭೂತಾನಕ್ಕೆ ಐವರು ಕಾಯಂ ಸದಸ್ಯರಲ್ಲಿ ಒಬ್ಬರೊಡನೆಯೂ ರಾಯಭಾರ ಸಂಬಂಧವಿಲ್ಲ, ಆದರೂ ನಿಂತಿತು. ಮೊದಲ ಸುತ್ತಿನಲ್ಲಿ ಬಂದ ಮತಗಳು 20. ದಕ್ಷಿಣ ಕೊರಿಯಾ ಗೆದ್ದಿತು. 2018ರಲ್ಲಿ ಮಾಲ್ದೀವ್ಸ್ ನಿಂತು 46 ಮತ ಪಡೆಯಿತು. ಅಲ್ಲಿಯೂ ಎದುರಾಳಿ ಇಂಡೋನೇಷ್ಯಾ, 144. ಸಮುದ್ರದ ನೀರು ಒಂದೆರಡು ಮೀಟರ್ ಏರಿದರೆ ತಮ್ಮ ನೆಲವೇ ಇರುವುದಿಲ್ಲ ಎನ್ನುವ ದೇಶಕ್ಕೆ ‘ಭದ್ರತೆ’ ಎಂಬ ಮಾತಿನ ಅರ್ಥ ನಮಗಿಂತ ಚೆನ್ನಾಗಿ ಗೊತ್ತು. ಸೋಲು ಸಣ್ಣವರಿಗೇ ಮೀಸಲೆಂದು ತಿಳಿಯಬೇಡಿರಿ. 1996ರಲ್ಲಿ ನಮ್ಮ ಭಾರತವೇ ಜಪಾನಿನ ಎದುರು 142ಕ್ಕೆ 40ರಂತೆ ಸೋತಿತ್ತು. ಅದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ!

ಗೆದ್ದು ಕುಳಿತ ಸಣ್ಣವರು ಏನು ಮಾಡಿದರು? 2000ದ ಅಕ್ಟೋಬರ್ ತಿಂಗಳಲ್ಲಿ ಅಧ್ಯಕ್ಷತೆ ನಮೀಬಿಯಾದ ಸರದಿಗೆ ಬಂದಾಗ, ಯುದ್ಧದಲ್ಲಿ ಹೆಣ್ಣುಮಕ್ಕಳ ರಕ್ಷಣೆ ಮತ್ತು ಸಂಧಾನದ ಮಾತುಕತೆಗಳಲ್ಲಿ ಅವರ ಪಾಲುಗಾರಿಕೆಯ ಬಗ್ಗೆ 1325ನೆಯ ಠರಾವು ಅಂಗೀಕಾರವಾಯಿತು. ಅದಕ್ಕೆ ಬೀಜ ಹಾಕಿದವರಲ್ಲಿ ನಮ್ಮ ನೆರೆಯ ಬಾಂಗ್ಲಾದೇಶದ ಪ್ರತಿನಿಧಿಯೂ ಇದ್ದರು. 1994ರ ಏಪ್ರಿಲಿನಲ್ಲಿ ರುವಾಂಡಾದಲ್ಲಿ ನರಮೇಧ ನಡೆಯುತ್ತಿದ್ದಾಗ ಅಧ್ಯಕ್ಷ ಸ್ಥಾನದಲ್ಲಿದ್ದದ್ದು ನ್ಯೂಜಿಲೆಂಡ್. ದೊಡ್ಡ ದೇಶಗಳು ‘ನರಮೇಧ’ ಎಂಬ ಶಬ್ದವನ್ನೇ ಉಚ್ಚರಿಸಲು ಹಿಂಜರಿಯುತ್ತಿದ್ದಾಗ, ಆ ಶಬ್ದವನ್ನು ಮಂಡಳಿಯ ಹೇಳಿಕೆಯಲ್ಲಿ ಸೇರಿಸಬೇಕೆಂದು ಪಟ್ಟು ಹಿಡಿದವರು ನ್ಯೂಜಿಲೆಂಡ್ ಮತ್ತು ಚೆಕ್ ಗಣರಾಜ್ಯದ ಪ್ರತಿನಿಧಿಗಳು. ಶಬ್ದ ಸೇರಲಿಲ್ಲ. ಏಪ್ರಿಲ್ 21ರಂದು ಮಂಡಳಿಯು ಅಲ್ಲಿದ್ದ ಸುಮಾರು 2,500 ಶಾಂತಿಪಾಲಕರನ್ನು 270ಕ್ಕೆ ಇಳಿಸಲು ನಿರ್ಧರಿಸಿತು. ನೂರು ದಿನಗಳಲ್ಲಿ ಸತ್ತವರು ಸುಮಾರು 8 ಲಕ್ಷ.

ಇಲ್ಲಿಯವರೆಗೆ ನಾನು ಸಣ್ಣವರ ವಕೀಲನಂತೆ ಬರೆದೆ. ಈಗ ಅದೇ ರುವಾಂಡಾದ ಇನ್ನೊಂದು ಸಂಗತಿಯನ್ನು ಹೇಳಬೇಕು. 1994ರ ಜನವರಿಯಿಂದ ರುವಾಂಡಾ ಸ್ವತಃ ಭದ್ರತಾ ಮಂಡಳಿಯ ಚುನಾಯಿತ ಸದಸ್ಯ ರಾಷ್ಟ್ರವಾಗಿತ್ತು! ಊರಿನಲ್ಲಿ ಜನರನ್ನು ಕೊಚ್ಚಿಹಾಕುತ್ತಿದ್ದ ಸರಕಾರದ ರಾಯಭಾರಿ ನ್ಯೂಯಾರ್ಕಿನಲ್ಲಿ ಆ ಮೇಜಿನ ಸುತ್ತಲೇ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮೇ ತಿಂಗಳಲ್ಲಿ ಆ ದೇಶಕ್ಕೆ ಶಸ್ತ್ರಾಸ್ತ್ರ ಕಳುಹಿಸಬಾರದೆಂಬ ನಿರ್ಬಂಧ ಮತಕ್ಕೆ ಬಂದಾಗ ಹದಿನಾಲ್ಕು ದೇಶಗಳು ಒಪ್ಪಿದವು; ವಿರುದ್ಧ ಬಿದ್ದ ಒಂದೇ ಮತ ರುವಾಂಡಾದ್ದು. ಸಣ್ಣ ದೇಶವೇನೋ ಹೌದು, ಕುರ್ಚಿಯೂ ಸಿಕ್ಕಿತ್ತು. ಆದರೆ ಕುಳಿತವರು ಯಾರ ಪರವಾಗಿ ಕುಳಿತಿದ್ದರು?

ಪಂಚಾಯತಿಯ ಉದಾಹರಣೆಯಲ್ಲಿ ನಾನು ಅರ್ಧ ಮಾತ್ರ ಹೇಳಿದ್ದೆ. ಉಳಿದರ್ಧ ನಿಮಗೂ ಗೊತ್ತಿದೆ. ಮಹಿಳಾ ಮೀಸಲು ಸ್ಥಾನದಿಂದ ಆರಿಸಿ ಬಂದ ತಾಯಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಾಳೆ, ಸಭೆಯಲ್ಲಿ ಆಕೆಯ ಯಜಮಾನರು ಕುಳಿತು “ನಮ್ಮ ವಾರ್ಡಿನ ಪರವಾಗಿ” ಮಾತನಾಡುತ್ತಿರುತ್ತಾರೆ. ಕುರ್ಚಿ ಇದೆ, ಹೆಸರಿದೆ, ರುಜುವೂ ಇದೆ. ಆರಿಸಿದವರ ಧ್ವನಿಯೊಂದು ಮಾತ್ರ ಇಲ್ಲ. ಆದ್ದರಿಂದ ಆ ಸಂಸ್ಥೆಗೆ ಯಾವ ದೇಶ ಬಂದರೂ ಅದರ ಜನ ಎಷ್ಟು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಆ ಜನರನ್ನು ಕೇಳಿಕೊಂಡು ಬಂದಿದ್ದಾರೆಯೇ ಎಂಬುದು. ಇದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಪುಸ್ತಕ ಓದಿ ಬಂದವನಲ್ಲ, ಭೀಮಾ ನದಿಯ ದಂಡೆಯಲ್ಲಿ ಹುಟ್ಟಿದ್ದರಿಂದ ಬಂದವನು.

1948ರ ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ಸೇರಿದ್ದ ಭದ್ರತಾ ಮಂಡಳಿಯ ಮೇಜಿನ ಬಳಿ ಆಳಂದ, ಅಫಜಲಪುರ, ಜೇವರ್ಗಿಗಳ ಪರವಾಗಿಯೂ ಒಂದು ಕುರ್ಚಿ ಹಾಕಲಾಗಿತ್ತೆಂದರೆ ನಿಮ್ಮಲ್ಲಿ ಹಲವರು ನಂಬಲಾರಿರಿ. ಅದು ಸದಸ್ಯತ್ವದ ಕುರ್ಚಿಯಲ್ಲ, ದೂರುದಾರನ ಕುರ್ಚಿ. ವಿಶ್ವಸಂಸ್ಥೆಯ ಸದಸ್ಯನಲ್ಲದ ರಾಷ್ಟ್ರವೂ ತಾನು ಪಾಲುಗಾರನಾದ ವಿವಾದವನ್ನು ಮಂಡಳಿಯ ಮುಂದೆ ತರಬಹುದೆಂದು ಸನ್ನದಿನ 35ನೆಯ ವಿಧಿಯ ಎರಡನೆಯ ಉಪವಿಧಿ ಹೇಳುತ್ತದೆ. ಅದರ ಆಧಾರದ ಮೇಲೆ ಹೈದರಾಬಾದಿನ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಸರಕಾರವು ಆಗಸ್ಟ್ 21ರಂದು ಭಾರತದ ವಿರುದ್ಧ ದೂರಿನ ತಂತಿ ಕಳುಹಿಸಿತ್ತು. ಆ ಕುರ್ಚಿಯಲ್ಲಿ ಕುಳಿತವರು ನಿಜಾಮ್ ಸರಕಾರದ ಮಂತ್ರಿ ಮೊಯಿನ್ ನವಾಜ್ ಜಂಗ್.

ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಬ್ರಿಟಿಷರು ಹೋದ ಮೇಲೆ ತಾನು ಸ್ವತಂತ್ರ ದೊರೆಯೆಂದು ನಿಜಾಮರು 1947ರ ಜೂನ್ ತಿಂಗಳಲ್ಲಿಯೇ ಸಾರಿದ್ದರು. ನವೆಂಬರ್ 29ರಂದು ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾಯಿತು. ಅತ್ತ ಕಾಸಿಂ ರಜ್ವಿಯ ರಜಾಕಾರರ ಹಾವಳಿ ದಿನದಿನಕ್ಕೆ ಏರಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. ಮುಖ್ಯ ತುಕಡಿ ನುಗ್ಗಿದ್ದು ಸೊಲ್ಲಾಪುರದ ಕಡೆಯಿಂದ, ನಳದುರ್ಗದ ಮೇಲೆ ಹಾಯ್ದು. ಪ್ಯಾರಿಸ್ಸಿನಲ್ಲಿ ಮಂಡಳಿ ಸೇರುವ ಹೊತ್ತಿಗೆ ಯುದ್ಧ ಮುಗಿಯುತ್ತ ಬಂದಿತ್ತು. ಮರುದಿನ, 17ರಂದು, ನಿಜಾಮರು ಶರಣಾದರು.

ನಿಜಾಮರ ಬಳಿ ಒಂದು ದೇಶಕ್ಕೆ ಬೇಕಾದದ್ದು ಏನಿರಲಿಲ್ಲ? ಸ್ವಂತ ನಾಣ್ಯವಿತ್ತು, ಹಾಲಿ ಸಿಕ್ಕಾ. ಆರು ಕಲ್ದಾರ್ ರೂಪಾಯಿಗೆ ಏಳು ಹಾಲಿ. ಸ್ವಂತ ಅಂಚೆ ಚೀಟಿ, ಸ್ವಂತ ರೈಲು, ಸ್ವಂತ ಸೈನ್ಯ, ಗಡಿಯಲ್ಲಿ ಸುಂಕ ವಸೂಲಿಗೆ ಕರೋಡಗಿರಿಯ ನಾಕೆಗಳು. 82 ಸಾವಿರ ಚದರ ಮೈಲಿ ನೆಲ. 1941ರ ಗಣತಿಯಂತೆ 1 ಕೋಟಿ 63 ಲಕ್ಷ ಜನ. ಅಂದು ಭದ್ರತಾ ಮಂಡಳಿಯ ಸದಸ್ಯರಾಗಿ ಕುಳಿತಿದ್ದ ಬೆಲ್ಜಿಯಂ ಮತ್ತು ಕೆನಡಾ, ಎರಡೂ ಜನಸಂಖ್ಯೆಯಲ್ಲಿ ಹೈದರಾಬಾದ್ ಸಂಸ್ಥಾನಕ್ಕಿಂತ ಸಣ್ಣವು! ನನ್ನ ವಿದ್ಯಾರ್ಥಿಯ ತಕ್ಕಡಿಯಿಂದ ತೂಗಿದರೆ ಸೇಂಟ್ ವಿನ್ಸೆಂಟಿಗಿಂತ ನೂರೈವತ್ತು ಪಟ್ಟು ಹೆಚ್ಚಿನ ಹಕ್ಕು ನಿಜಾಮರಿಗೆ ಇರಬೇಕಾಗಿತ್ತು.

ಇಲ್ಲದ್ದು ಒಂದೇ. ಆ ಒಂದೂವರೆ ಕೋಟಿಗೂ ಹೆಚ್ಚು ಜನರಲ್ಲಿ ಯಾರನ್ನೂ ಯಾರೂ ಕೇಳಿರಲಿಲ್ಲ. ವಯಸ್ಕರೆಲ್ಲರೂ ಮತ ಹಾಕುವ ಚುನಾವಣೆಯನ್ನು ನಮ್ಮ ಹಿರಿಯರು ಅಂದಿನವರೆಗೆ ಕಂಡೇ ಇರಲಿಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಹುಟ್ಟಿದ 1938ರಲ್ಲಿಯೇ ನಿಷೇಧಿಸಲಾಗಿತ್ತು, ನಿಷೇಧ ಸಡಿಲವಾದದ್ದು 1946ರಲ್ಲಿ. ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರು ಅದರ ನೇತೃತ್ವ ವಹಿಸಿ, ಭಾರತ ಒಕ್ಕೂಟವನ್ನು ಸೇರಬೇಕೆಂದು 1947ರಲ್ಲಿ ಚಳವಳಿ ಹೂಡಿದಾಗ ಅವರನ್ನು ಸೆರೆಮನೆಗೆ ಕಳುಹಿಸಲಾಯಿತು. ಜನರು ಏನನ್ನುತ್ತಾರೆಂಬುದು ಹೀಗೆ ಸೆರೆಮನೆಯಲ್ಲಿತ್ತು; ಪ್ಯಾರಿಸ್ಸಿಗೆ ಹೋದದ್ದು ಬೇರೆ.

ಪ್ಯಾರಿಸ್ಸಿನ ವಾದವನ್ನು ನಮ್ಮ ನೆಲದ ಮೇಲೆ ಇಟ್ಟು ನೋಡಿದರೆ ಅದರ ಅರ್ಥ ತಿಳಿಯುತ್ತದೆ. ಆ ವಾದ ಗೆದ್ದಿದ್ದರೆ ಅಫಜಲಪುರದ ದಕ್ಷಿಣಕ್ಕೆ ಹರಿಯುವ ಭೀಮೆ ಅಂತರರಾಷ್ಟ್ರೀಯ ಗಡಿಯಾಗುತ್ತಿತ್ತು. ಆಚೆ ದಂಡೆಯ ಇಂಡಿ, ಸಿಂದಗಿಗಳು ಮುಂಬಯಿ ಪ್ರಾಂತ, ಈಚೆ ನಾವು. ಜೇವರ್ಗಿಯ ಪಡುವಣ ಹೊಲಗಳ ಬದುವೇ ದೇಶದ ಎಲ್ಲೆ. ಆಳಂದದಿಂದ ಅಕ್ಕಲಕೋಟೆಯ ಜಾತ್ರೆಗೆ ಹೋಗುವವರು ಪರದೇಶಕ್ಕೆ ಹೋದಂತೆ. ಸೊಲ್ಲಾಪುರ, ಪುಣೆಗಳಿಂದ ದೇವಲ ಗಾಣಗಾಪುರದ ದತ್ತನ ದರ್ಶನಕ್ಕೆ ಬರುವ ಭಕ್ತರಿಗೆ ರಹದಾರಿ ಪತ್ರ. ಹೆಣ್ಣು ಕೊಡುವುದು ತರುವುದು ಎಲ್ಲವೂ ಆ ದಂಡೆಗೂ ಈ ದಂಡೆಗೂ ನಡೆದಿದ್ದ ಊರುಗಳಿವು. ನಮ್ಮ ಮನೆಯಲ್ಲಿಯೇ ಅಜ್ಜಿಯ ತವರು ಇಂಡಿಯ ಕಡೆ.

ಅಜ್ಜಿ ನಮ್ಮ ಕಡೆಯ ನೆಲವನ್ನು ಕೊನೆಯವರೆಗೂ ‘ಮೊಗಲಾಯಿ’ ಎಂದೇ ಕರೆಯುತ್ತಿದ್ದಳು. 1948ರ ಬೇಸಿಗೆಯಲ್ಲಿ ಭೀಮೆ ಬತ್ತಿದ್ದಾಗ ಎತ್ತಿನ ಬಂಡಿಯಲ್ಲಿ ಜೋಳದ ಚೀಲ, ಎರಡು ಕೂಸು, ಒಂದು ತಾಮ್ರದ ಹಂಡೆ ಹೇರಿಕೊಂಡು ರಾತ್ರಿ ಹೊತ್ತಿನಲ್ಲಿ ಮರಳು ದಾಟಿ ತವರಿಗೆ ಹೋದದ್ದನ್ನು ಅವಳು ಎಷ್ಟೋ ಸಲ ಹೇಳಿದ್ದಳು. ಹಂಡೆ ಏಕೆ ಎಂದು ನಾವು ನಗುತ್ತಿದ್ದೆವು. “ಹಿಂದ ಬಿಟ್ರ ಯಾರದೋ ಆಗತಿತ್ತಪ್ಪ” ಎನ್ನುತ್ತಿದ್ದಳು. ಗಡಿಯಂಚಿನ ಊರುಗಳಿಂದ ಹೀಗೆ ದಾಟಿದ ಕುಟುಂಬಗಳು ಅನೇಕ. ಮುಂಬಯಿ ಪ್ರಾಂತದ ಗಡಿಯುದ್ದಕ್ಕೂ ಹೋರಾಟಗಾರರ ಶಿಬಿರಗಳಿದ್ದವು. ಬೀದರ ಜಿಲ್ಲೆಯ ಗೋರ್ಟಾದಲ್ಲಿ ಅದೇ ಬೇಸಿಗೆಯಲ್ಲಿ ನಡೆದ ಹತ್ಯಾಕಾಂಡದ ಸುದ್ದಿ ಕೇಳಿದ ಮೇಲಂತೂ ಊರಿನಲ್ಲಿ ಉಳಿಯುವ ಧೈರ್ಯ ಅನೇಕರಿಗೆ ಇರಲಿಲ್ಲ. ಒಂದು ಸರಕಾರವು ತಾನು ಪರರಾಜ್ಯದ ಆಕ್ರಮಣಕ್ಕೆ ಗುರಿಯಾಗಿದ್ದೇನೆಂದು ಜಗತ್ತಿನ ಮುಂದೆ ದೂರುತ್ತಿದ್ದಾಗ, ಅದರ ಪ್ರಜೆಗಳು ಆ ಪರರಾಜ್ಯಕ್ಕೇ ಓಡಿಹೋಗುತ್ತಿದ್ದರೆಂಬುದನ್ನು ಪ್ಯಾರಿಸ್ಸಿನಲ್ಲಿ ಕುಳಿತವರಿಗೆ ನಮ್ಮ ಅಜ್ಜಿಯಂಥವಳು ಹೇಳಬೇಕಾಗಿತ್ತು.

ಮಂಡಳಿಯಲ್ಲಿ ನಡೆದದ್ದೂ ಸ್ವಾರಸ್ಯಕರ. ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಬೇಕೇ ಎಂಬುದರ ಮೇಲೆ ಮತದಾನವಾಗಿ 8 ದೇಶಗಳು ಸೇರಿಸಬೇಕೆಂದವು. ಸೋವಿಯತ್ ಒಕ್ಕೂಟ, ಉಕ್ರೇನ್ ಮತ್ತು ಚೀನಾ ತಟಸ್ಥವಾದವು. ವಿರುದ್ಧ ಯಾರೂ ಇರಲಿಲ್ಲ. ಭಾರತದ ಪರವಾಗಿ ವಾದಿಸಿದವರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಕನ್ನಡಿಗರಿಗೆ ಇದು ಗಮನಾರ್ಹ, ಏಕೆಂದರೆ ಅವರು ಆಗ ಮೈಸೂರು ಸಂಸ್ಥಾನದ ದಿವಾನರು. ಒಂದು ಸಂಸ್ಥಾನದ ದಿವಾನರು ಇನ್ನೊಂದು ಸಂಸ್ಥಾನದ ಮಂತ್ರಿಗೆ, ನೀವು ರಾಷ್ಟ್ರವೇ ಅಲ್ಲ, ಇಲ್ಲಿ ದೂರು ಕೊಡುವ ಅರ್ಹತೆ ನಿಮಗಿಲ್ಲ ಎಂದು ಪ್ಯಾರಿಸ್ಸಿನಲ್ಲಿ ವಾದಿಸಿದರು! ಮೈಸೂರಿನಲ್ಲಾದರೂ 1947ರ ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಅಕ್ಟೋಬರದಲ್ಲಿ ಕೆ.ಸಿ. ರೆಡ್ಡಿಯವರ ಜನತಾ ಸರಕಾರ ಬಂದಿತ್ತು. ಹೈದರಾಬಾದಿನಲ್ಲಿ ಅಷ್ಟೂ ಆಗಿರಲಿಲ್ಲ.

ಆಮೇಲೆ ಸೆಪ್ಟೆಂಬರ್ 22ರಂದು ನಿಜಾಮರಿಂದಲೇ ಇನ್ನೊಂದು ತಂತಿ ಹೋಯಿತು: ದೂರನ್ನು ಹಿಂದಕ್ಕೆ ಪಡೆದಿದ್ದೇನೆ, ನನ್ನ ಪ್ರತಿನಿಧಿಗಳಿಗೆ ಇನ್ನು ಅಧಿಕಾರವಿಲ್ಲ ಎಂದು. ಅದು ಅವರ ಸ್ವಂತ ಮನಸ್ಸಿನ ಮಾತೇ, ಸೈನ್ಯದ ನೆರಳಿನಲ್ಲಿ ಬರೆದದ್ದೇ ಎಂದು ಮಂಡಳಿಯಲ್ಲಿ ಸಂಶಯ ಎದ್ದಿತು. ಆ ಸಂಶಯ ಸರಿಯಾದದ್ದೇ ಎಂದು ನಾನೂ ಭಾವಿಸುತ್ತೇನೆ. ಆದರೆ ನನಗೆ ಮುಖ್ಯವೆನಿಸುವುದು ಬೇರೆ. ದೂರು ಕೊಟ್ಟಾಗಲೂ ಒಬ್ಬರ ಮನಸ್ಸು, ಹಿಂಪಡೆದಾಗಲೂ ಒಬ್ಬರ ಮನಸ್ಸು. 1 ಕೋಟಿ 63 ಲಕ್ಷ ಜನರ ‘ದೇಶ’ವೊಂದು ಒಂದು ತಂತಿಯಿಂದ ಹುಟ್ಟಿ ಒಂದು ತಂತಿಯಿಂದ ಅಳಿಯಿತು. 1949ರ ಮೇ ತಿಂಗಳಲ್ಲಿ ಪಾಕಿಸ್ತಾನ ಮತ್ತೊಮ್ಮೆ ಮಾತೆತ್ತಿತು, ಠರಾವು ಯಾವುದೂ ಆಗಲಿಲ್ಲ. ‘ಹೈದರಾಬಾದ್ ಪ್ರಶ್ನೆ’ ಮಾತ್ರ ಮಂಡಳಿಯ ಬಾಕಿ ವಿಷಯಗಳ ಪಟ್ಟಿಯಲ್ಲಿ ದಶಕಗಳ ಕಾಲ ಉಳಿದುಕೊಂಡಿತ್ತು.

ಇಲ್ಲಿ ಯಾರಾದರೂ ಆಕ್ಷೇಪಿಸಬಹುದು: ಹಾಗಿದ್ದರೆ ಕುವೈತ್? ಅದೂ ಅರಸೊತ್ತಿಗೆ, ಅದೂ ಸಣ್ಣದು. 1990ರ ಆಗಸ್ಟ್ 2ರಂದು ಇರಾಕ್ ನುಂಗಿದಾಗ ಮಂಡಳಿ ಅದೇ ದಿನ ಖಂಡಿಸಲಿಲ್ಲವೇ? ಖಂಡಿಸಿತು, ಖಂಡಿಸಿದ್ದು ಸರಿ. ಕುವೈತ್ 1963ರಿಂದಲೇ ವಿಶ್ವಸಂಸ್ಥೆಯ ಸದಸ್ಯ. ಇರಾಕ್ ಕೂಡ ಅದೇ ವರ್ಷ ಅದನ್ನು ಸ್ವತಂತ್ರ ದೇಶವೆಂದು ಒಪ್ಪಿತ್ತು. ಅದಕ್ಕಿಂತ ಹೆಚ್ಚಾಗಿ, ಅರಸರನ್ನು ವಿರೋಧಿಸುತ್ತಿದ್ದ ಕುವೈತಿಗಳೂ ಆ ವರ್ಷದ ಅಕ್ಟೋಬರದಲ್ಲಿ ಜೆಡ್ಡಾದಲ್ಲಿ ಸೇರಿ ನಮ್ಮ ದೇಶ ನಮಗೆ ಬೇಕೆಂದರು. ನಮ್ಮ ಸ್ಟೇಟ್ ಕಾಂಗ್ರೆಸ್ಸಿನವರು ಹೇಳಿದ್ದು ಇದಕ್ಕೆ ತದ್ವಿರುದ್ಧ.

ಇಷ್ಟು ಹೇಳಿ ನಿಲ್ಲಿಸಿದರೆ ಸೆಪ್ಟೆಂಬರ್ 17ರ ಭಾಷಣದಂತಾಗುತ್ತದೆ. ಶಾಲೆಯ ಧ್ವಜಸ್ತಂಭದ ಕೆಳಗೆ ಅಂಥ ಭಾಷಣಗಳನ್ನು ನಾನೇ ಬೇಕಾದಷ್ಟು ಮಾಡಿದ್ದೇನೆ. ಸೈನ್ಯ ಬಂದ ನಂತರದ ವಾರಗಳಲ್ಲಿ ಮುಸಲ್ಮಾನ ಕುಟುಂಬಗಳ ಮೇಲೆ ನಡೆದದ್ದನ್ನು ಆ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲ ಮತ್ತು ಖಾಜಿ ಅಬ್ದುಲ್ ಗಫಾರರ ತಂಡವು 1948ರ ಕೊನೆಗೆ ಸಂಚರಿಸಿ, ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಗುಲಬರ್ಗಾ ಎಂದರೆ ನಾವು. ಆ ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. ಅದು ಓದಲು ಸಿಗುವ ಹೊತ್ತಿಗೆ ದಶಕಗಳು ಕಳೆದಿದ್ದವು. ನಮ್ಮ ಊರಿನಲ್ಲಿ ಹಿರಿಯರೊಬ್ಬರಿದ್ದರು, ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಆಳಂದದ ಲಾಡ್ಲೆ ಮಶಾಯಕರ ಉರುಸಿಗೆ ನಮ್ಮ ತಂದೆಯವರೂ ಅವರೂ ಕೂಡಿಯೇ ಹೋಗುತ್ತಿದ್ದರು. ಎಲ್ಲ ವಿಷಯಗಳನ್ನೂ ಮನಬಿಚ್ಚಿ ಮಾತನಾಡುತ್ತಿದ್ದ ಚಾಚಾ, ಪೊಲೀಸ್ ಕಾರ್ಯಾಚರಣೆಯ ಮಾತು ಬಂದಾಗ ಎದ್ದು ದನಕ್ಕೆ ನೀರು ಕುಡಿಸಲು ಹೋಗುತ್ತಿದ್ದರು.

ಪ್ಯಾರಿಸ್ಸಿನಲ್ಲಿ ಅಜ್ಜಿಯ ಪರವಾಗಿ ಯಾರೂ ಇರಲಿಲ್ಲ. ಚಾಚಾ ಅವರ ಪರವಾಗಿಯೂ ಇರಲಿಲ್ಲ. ಅವರ ಹೆಸರಿನಲ್ಲಿ ಮಾತನಾಡುತ್ತಿದ್ದೇವೆಂದವರು ಅವರನ್ನು ಸಂಕಷ್ಟದಲ್ಲಿ ಬಿಟ್ಟು ತಂತಿಯ ಅಧಿಕಾರದ ಬಗ್ಗೆ ವಾದಿಸುತ್ತಿದ್ದರು.

ನಮ್ಮನ್ನು ಮೊದಲ ಸಲ ಕೇಳಿದ್ದು 1952ರ ಸಾರ್ವತ್ರಿಕ ಚುನಾವಣೆಯಲ್ಲಿ. ಗುಲಬರ್ಗಾ ಕ್ಷೇತ್ರದ ಜನ ಲೋಕಸಭೆಗೆ ಕಳುಹಿಸಿದ್ದು ಅದೇ ರಮಾನಂದ ತೀರ್ಥರನ್ನು. ಪ್ಯಾರಿಸ್ಸಿನಲ್ಲಿ ಎದ್ದಿದ್ದ ಪ್ರಶ್ನೆಗೆ ನಮ್ಮ ಜನ ಕೊಟ್ಟ ಉತ್ತರವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ಇದನ್ನೇ. ಭಾರತ ಸೈನ್ಯ ಕಳುಹಿಸಿದ್ದು ತಪ್ಪಲ್ಲ ಎನ್ನುವವನು ನಾನು. ಆದರೆ ಅದಕ್ಕೆ ಸಮರ್ಥನೆ ದೊರೆತದ್ದು ಆ ಮತಪೆಟ್ಟಿಗೆಯಿಂದಲೇ ಹೊರತು ಮೊದಲಿಯಾರರ ಕಾನೂನಿನ ವಾದದಿಂದ ಅಲ್ಲ.

ಈ ಅನುಭವವಿರುವ ದೇಶವಾದ ಭಾರತವು ಇಂದು ಕಾಯಂ ಸ್ಥಾನ ಕೇಳುತ್ತಿದೆ. ಸಿಗಬೇಕೆಂಬುದು ನನ್ನ ಆಸೆಯೂ ಹೌದು. ಆದರೆ ದೊಡ್ಡವರ ಸಾಲಿಗೆ ಏರುವ ಅವಸರದಲ್ಲಿ ಸಣ್ಣವರ ಪಾಲನ್ನು ನಾವೇ ತಿನ್ನುತ್ತಿದ್ದೇವೆಯೇ ಎಂದೂ ನೋಡಿಕೊಳ್ಳಬೇಕು. ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಐವತ್ತಕ್ಕೂ ಹೆಚ್ಚು ದೇಶಗಳ ಗುಂಪಿಗೆ ಇರುವ ಚುನಾಯಿತ ಸ್ಥಾನಗಳು ಎರಡೇ. ಜಪಾನ್ 12 ಸಲ ಕುಳಿತಿದೆ, ಭಾರತ 8 ಸಲ. 2025ರ ಜನವರಿಯಲ್ಲಿ ಪಾಕಿಸ್ತಾನವೂ ಎಂಟನೆಯ ಸಲ ಬಂದು ಕುಳಿತಿತು. ಮಾಲ್ದೀವ್ಸ್, ಭೂತಾನ, ಅಫ್ಘಾನಿಸ್ತಾನ ಒಮ್ಮೆಯೂ ಇಲ್ಲ. 2011–12ರ ನಮ್ಮ ಸ್ಥಾನಕ್ಕಾಗಿ ಕಜಕಿಸ್ತಾನ ಹಿಂದೆ ಸರಿದಿತ್ತು. ಅದಕ್ಕೆ ಮುಂದೆ 2017–18ರಲ್ಲಿ ಸ್ಥಾನ ಸಿಕ್ಕಿತು. 2021–22ರ ಸ್ಥಾನಕ್ಕಾಗಿ ಹಿಂದೆ ಸರಿದದ್ದು ಅಫ್ಘಾನಿಸ್ತಾನ.

2021ರ ಆಗಸ್ಟ್ ತಿಂಗಳ ಅಧ್ಯಕ್ಷತೆ ಭಾರತದ ಸರದಿಯಾಗಿತ್ತು. 15ರಂದು, ನಮ್ಮ ಸ್ವಾತಂತ್ರ್ಯ ದಿನದಂದೇ, ಕಾಬೂಲ್ ತಾಲಿಬಾನಿನ ಕೈಸೇರಿತು. ಮರುದಿನ ಮಂಡಳಿ ಸೇರಿದಾಗ ಅಫ್ಘಾನಿಸ್ತಾನದ ಪ್ರತಿನಿಧಿ ಬಂದು ಮಾತನಾಡಿದರು. ಅವರನ್ನು ನೇಮಿಸಿದ್ದ ಸರಕಾರ ಹಿಂದಿನ ದಿನವೇ ಇಲ್ಲವಾಗಿತ್ತು. ನಮಗಾಗಿ ಬಿಟ್ಟುಕೊಡದಿದ್ದರೆ ಅಂದು ಆ ಮೇಜಿನ ಸುತ್ತ ಸದಸ್ಯರಾಗಿ ಕುಳಿತಿರಬಹುದಾಗಿದ್ದ ದೇಶ ಅದು. ಕುಳಿತಿದ್ದರೂ ಕಾಬೂಲ್ ಉಳಿಯುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೂ ಅಫ್ಘನ್ ಹೆಣ್ಣುಮಕ್ಕಳ ಶಾಲೆಗಳ ವಿಷಯ ಬಂದಾಗ ಎದುರಿಗೆ ಅವರ ಕಡೆಯವರೊಬ್ಬರು ಎರಡು ವರ್ಷ ಕುಳಿತಿದ್ದರೆ, ಟ್ಯಾಂಕರಿನ ಪಟ್ಟಿಯಲ್ಲಿ ತಾಂಡಾದ ಹೆಸರು ಉಳಿದಷ್ಟಾದರೂ ಆಗುತ್ತಿತ್ತೇನೋ. ಮುಂದಿನ ಸಲ ಭೂತಾನವೋ ಮಾಲ್ದೀವ್ಸೋ ನಿಂತಾಗ ಭಾರತ ತಾನು ನಿಲ್ಲದೆ ಅವರ ಪರವಾಗಿ ಊರೂರು ತಿರುಗಿ ಮತ ಕೇಳಲಿ ಎಂಬುದು ನನ್ನ ಸೂಚನೆ. ಕಾಯಂ ಸ್ಥಾನಕ್ಕೆ ಅದರಿಂದ ಅಡ್ಡಿಯಾಗುವುದೆಂದು ನನಗೆ ಅನಿಸುವುದಿಲ್ಲ.

ಇನ್ನು ಒಂದು ವಿನಂತಿ. ಈ ಪುಟ ಓದುವ ಬಂಧುಗಳಲ್ಲಿ, ವಿದ್ಯಾರ್ಥಿಗಳಲ್ಲಿ ಹಲವರ ಮನೆಗಳು ಭೀಮೆಯ ಆಚೀಚೆ ಇವೆ. 1948ರಲ್ಲಿ ನಿಮ್ಮ ಮನೆಯವರು ಯಾವ ಕಡೆಗೆ ದಾಟಿದರು, ಏನು ಹೊತ್ತೊಯ್ದರು, ಯಾವಾಗ ತಿರುಗಿ ಬಂದರು, ಅಥವಾ ಬರಲೇ ಇಲ್ಲವೋ, ಹಿರಿಯರಿಂದ ಕೇಳಿದ್ದನ್ನು ನಾಲ್ಕು ಸಾಲಾದರೂ ಬರೆದು ಕಳುಹಿಸಿರಿ. ಚಾಚಾ ಅವರ ಮೊಮ್ಮಗನಿಗೂ ಕೇಳಿದ್ದೇನೆ. ನೋಡೋಣ ಸರ್ ಎಂದಿದ್ದಾನೆ.